ನಾಲ್ಕು ಹಸಿರು ಚುಕ್ಕೆ

ಬೆಂಕಿಯನ್ನು ಆರಿಸುವುದು ಕೊನೆಗೂ ಯಾರಿಂದಲೂ ಆಗಲಿಲ್ಲ. ತಿರುಗಿಸುವುದನ್ನು ಮಾತ್ರ ಕಲಿತರು.

ಸೀಗೆಗುಡ್ಡದ ಬೆನ್ನ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು ಮೊದಲು ಕರೆಂಟು ಕೊಡುತ್ತಿದ್ದವು. ಮಳೆಗಾಲದಲ್ಲಿ ಈಗಲೂ ಕೊಡುತ್ತವೆ. ಬೇಸಿಗೆಯಲ್ಲಿ ಬೆಂಕಿ ಬಂದಾಗ ಅವೇ ಕರೆಂಟು ತಿನ್ನುತ್ತವೆ. ಇಡೀ ಜಿಲ್ಲೆಯ ದೀಪ ಆರಿಸಿ, ಆ ವಿದ್ಯುತ್ತನ್ನೆಲ್ಲ ರೆಕ್ಕೆಗಳಿಗೆ ಹರಿಸಿ, ಬೀಸಣಿಗೆಯಂತೆ ಅವನ್ನು ಓಡಿಸುತ್ತಾರೆ. ಬಯಲಿನ ಬೆಂಕಿಗೆ ಆ ಗಾಳಿ ಲೆಕ್ಕಕ್ಕಿಲ್ಲ. ಆದರೆ ಗುಡ್ಡದ ಬೆಂಕಿಗೆ ಒಂದು ಸ್ವಭಾವವಿದೆ. ಏರು ಹತ್ತುವಾಗ ಅದಕ್ಕೆ ಎಲ್ಲಿಲ್ಲದ ಅವಸರ. ಬೆನ್ನಿಗೆ ಬಂದು ಮುಟ್ಟಿದ ಮೇಲೆ, ಯಾವ ಕಡೆ ಇಳಿಯಲಿ ಎಂದು ಸ್ವಲ್ಪ ಹೊತ್ತು ಅನುಮಾನಿಸುತ್ತದೆ. ಆ ಅನುಮಾನದ ಹೊತ್ತಿನಲ್ಲಿ ಯಾರಾದರೂ ಹಿಂದಿನಿಂದ ಊದಿದರೆ ಸಾಕು, ಊದಿದ ಕಡೆ ಇಳಿದುಹೋಗುತ್ತದೆ.

ಹೀಗಾಗಿ ಮೊದಲು ಇಲ್ಲದ ಒಂದು ಪ್ರಶ್ನೆ ಪ್ರತಿ ಬೆಂಕಿಗೂ ಹುಟ್ಟಿಕೊಂಡಿತು: ಯಾವ ಕಡೆ?

ಉತ್ತರ ಹೇಳಲು ಯಂತ್ರವನ್ನು ಕೂರಿಸಿದರು. ಗುಡ್ಡ ಹತ್ತುವವರು, ಗುಡ್ಡದ ಬುಡದ ಊರವರು, ಎಲ್ಲರೂ ಮುಂಗೈಗೆ ಒಂದು ಪಟ್ಟಿ ಕಟ್ಟಿಕೊಳ್ಳಬೇಕು. ಮಾತಾಡುವುದೂ ಅದರಲ್ಲೇ; ಕೈಯಲ್ಲಿ ಹಿಡಿಯುವ ಫೋನು ಹೋಗಿ ಎಷ್ಟೋ ಕಾಲವಾಗಿತ್ತು. ಒಂದೊಂದು ಪಟ್ಟಿಯೂ ಗದಗಿನಲ್ಲಿ ಆ ಯಂತ್ರವಿದ್ದ ಕೋಣೆಯ ಪರದೆಯ ಮೇಲೆ ಒಂದೊಂದು ಹಸಿರು ಚುಕ್ಕೆ. ಯಾವ ಕಡೆ ಚುಕ್ಕೆ ಕಡಿಮೆಯೋ ಆ ಕಡೆ ಬೆಂಕಿ. ಇಷ್ಟನ್ನು ಯಂತ್ರವೊಂದೇ ನಿರ್ಧರಿಸಿದರೆ ಚೆನ್ನಾಗಿರುವುದಿಲ್ಲ ಎಂದು ಯಾರಿಗೋ ಅನ್ನಿಸಿರಬೇಕು. ಕೊನೆಗೆ ಇಬ್ಬರು ಮನುಷ್ಯರು ಒಂದು ಗಾಜಿನ ಮೇಲೆ ಅಂಗೈ ಇಟ್ಟು ಒಪ್ಪಿಗೆ ಕೊಡಬೇಕೆಂದು ನಿಯಮ ಮಾಡಿದರು.

ಆ ಭಾನುವಾರ ಆ ಇಬ್ಬರಲ್ಲಿ ಮಹಾನಂದಾ ಒಬ್ಬಳು.

*

ಬೆಳಿಗ್ಗೆ ಅವಳ ಗಂಡ ಅಂದಾನಿ ಬುತ್ತಿ ಕಟ್ಟುತ್ತಿದ್ದ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಡಬ್ಬಿಯಲ್ಲಿ ಗಟ್ಟಿ ಮೊಸರು, ಸಿಪ್ಪೆ ಸುಲಿಯದ ಉಳ್ಳಾಗಡ್ಡಿ. ಕಿಟಕಿಗಳಿಗೆ ಕಟ್ಟಿದ ಒದ್ದೆ ಸೀರೆಗಳು ರಾತ್ರಿಯೆಲ್ಲ ಹೊಗೆ ಕುಡಿದು ಕಂದಾಗಿದ್ದವು. ಮಹಾನಂದಾ ಅವನ್ನು ಬಿಚ್ಚಿ ಬಕೆಟ್ಟಿಗೆ ಹಾಕುತ್ತಿದ್ದಳು.

"ಇವತ್ತ ಬಿಟ್ಟಬಿಡು," ಎಂದಳು. "ಹೊಗಿ ನಾಕನೇ ಮೆಟ್ಟಲಾ ಏರೇತಿ."

ನಾಲ್ಕನೇ ಮೆಟ್ಟಿಲೆಂದರೆ ಓಣಿಯ ಆ ತುದಿ ಕಾಣುವುದಿಲ್ಲ. ಐದಕ್ಕೆ ಶಾಲೆಗಳಿಗೆ ರಜೆ.

"ಅದಕ್ಕ ಹೊಂಟಿದ್ದು. ಹೊಗಿ ಇಲ್ಲದ ದಿನ ಗುಡ್ಡ ಯಾಕ ಹತ್ತಬೇಕ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹೊಗೆ ನೀರಿನ ಹಾಗೆ ಬಯಲಿನಲ್ಲಿ ತುಂಬಿ ನಿಲ್ಲುತ್ತಿತ್ತು. ಸೀಗೆಗುಡ್ಡದ ನೆತ್ತಿ ಮಾತ್ರ ಅದರಿಂದ ಒಂದಾಳೆತ್ತರ ಹೊರಗಿರುತ್ತಿತ್ತು. ಅಲ್ಲಿ ನಿಂತರೆ ಆಕಾಶ ನೀಲಿ. ಜನ ಗುಡ್ಡ ಹತ್ತುತ್ತಿದ್ದುದೇ ಅಷ್ಟಕ್ಕೆ. ಅಂದಾನಿ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದ. ಅವನ ಮಕ್ಕಳು ಆಕಾಶಕ್ಕೆ ಕಂದು ಬಣ್ಣ ಹಚ್ಚುತ್ತಿದ್ದರು, ಅವನು ತಿದ್ದುವುದನ್ನು ಬಿಟ್ಟಿದ್ದ.

ಅವಳೂ ಹೋಗಬೇಕಾಗಿತ್ತು. ಜೊತೆಯಲ್ಲಿ ಕೆಲಸ ಮಾಡುವವಳ ತಮ್ಮನ ನಿಶ್ಚಯವೆಂದು ಪಾಳಿ ಬದಲಾಗಿತ್ತು. ಅವಳೂ ಅಂದಾನಿಯೂ ಒಂದೇ ಕ್ಲಾಸಿನಲ್ಲಿ ಓದಿದವರು. ಮದುವೆಯಾದ ಮೇಲೂ ಏಕವಚನ ಬಿಡಲಿಲ್ಲವೆಂದು ಅತ್ತೆ ಸಾಯುವತನಕ ಗೊಣಗಿದ್ದರು.

"ನನ್ನ ಪಾಲಿನ ನೀಲೀನೂ ನೀನ ನೋಡಿ ಬಾ ಹಂಗಾರ."

"ಮೋಡ ಇದ್ರ?"

"ಮೋಡಾನೂ ನೋಡು. ನಾ ಏನ್ ಬ್ಯಾಡ ಅಂದೀನಿ?"

ಹೊರಗೆ ಗೆಳೆಯ ದಸ್ತಗೀರ ಗಾಡಿಯ ಹಾರನ್ ಒತ್ತಿದ. ಅಂದಾನಿ ಒದ್ದೆ ಟವೆಲ್ಲು ಹೆಗಲಿಗೆ ಹಾಕಿ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಹೊರಟ. ಹೊಗೆಗೆ ಬೆಲ್ಲ ಒಳ್ಳೆಯದೆಂದು ಊರು ನಂಬಿತ್ತು. ಬೆಲ್ಲದಿಂದ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳುತ್ತಿದ್ದರು, ಹೇಳಿ ತಾವೂ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

*

ಗುಡ್ಡದ ಗೇಟಿನ ಕಾವಲುಗಾರ ನಾಲ್ವರ ಕೈಯಲ್ಲೂ ಪಟ್ಟಿ ಇದೆಯೆಂದು ನೋಡಿ, ಎಂದಿನ ಪ್ರಶ್ನೆ ಕೇಳಿದ: "ಬುತ್ತಿ ಕಾಯಾಕ ಯಾರದಾರ?"

"ನಾನ," ಎಂದ ದಸ್ತಗೀರ. ಕಾವಲುಗಾರ ಬೇರೆ ಕಡೆ ನೋಡುತ್ತ ಗೇಟು ತೆಗೆದ.

ಅದೊಂದು ಪದ್ಧತಿ. ಅರ್ಧ ದಾರಿಯಲ್ಲಿ ಒಂದು ಬಸರಿ ಮರವಿದೆ. ಹೊಗೆ ಮೂರನೇ ಮೆಟ್ಟಿಲು ದಾಟಿದ ದಿನ ಆ ಮರದಿಂದ ಮೇಲೆ ಯಾರೂ ಹೋಗಕೂಡದು. ಹೋದರೆ ಕೈಪಟ್ಟಿ ಕಿರುಚತೊಡಗುತ್ತದೆ, ಹಿಂದೆ ಬರುವತನಕ ನಿಲ್ಲಿಸುವುದಿಲ್ಲ. ಆದರೆ ಆಕಾಶ ಕಾಣಬೇಕಾದರೆ ಮೇಲೇ ಹೋಗಬೇಕು. ಆದ್ದರಿಂದ ಜನ ಒಂದು ಉಪಾಯ ಹುಡುಕಿಕೊಂಡರು. ಬಸರಿ ಮರದ ಮಂಗಗಳಿಂದ ಬುತ್ತಿ ಉಳಿಸಿಕೊಳ್ಳಲು ಗುಂಪಿನಲ್ಲಿ ಒಬ್ಬರು ಹೇಗೂ ಅಲ್ಲಿ ಕೂರಲೇಬೇಕಿತ್ತು. ಎಲ್ಲರ ಪಟ್ಟಿಯನ್ನೂ ಬಿಚ್ಚಿ ರೊಟ್ಟಿಯ ಗಂಟಿನಲ್ಲಿಟ್ಟು ಅವರ ಕೈಗೆ ಕೊಟ್ಟು ಹೋಗುವುದು. ಕಾವಲುಗಾರನಿಗೆ ಗೊತ್ತಿತ್ತು. ಕಾವಲುಗಾರನ ಸಾಹೇಬರಿಗೂ ಗೊತ್ತಿತ್ತು. ಅವರೂ ಒಮ್ಮೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಮಹಾನಂದಾ ಕೂಡ ಎಷ್ಟೋ ಸಲ ಹಾಗೆ ಹತ್ತಿದ್ದಳು.

ಈ ಸಲ ದಸ್ತಗೀರನ ಮೊಣಕಾಲು ಬಾತಿತ್ತು. ಅವನು ಮರದ ಬೇರಿನ ಮೇಲೆ ಕೂತು ಕಾಲು ಚಾಚಿದ.

"ಮಂಗ್ಯಾಗೋಳ ಬಂದ್ರ ಹೊಡಿಬ್ಯಾಡ," ಎಂದಳು ಅವನ ಹೆಂಡತಿ ಜುಬೇದಾ, ಪಟ್ಟಿ ಬಿಚ್ಚಿ ಗಂಟಿಗೆ ಹಾಕುತ್ತ. "ನಿಮ್ಮ ಮಂದೀನ ಅಂತ ತಿಳ್ಕೊಂಡು ಮಾತಾಡಿಸು."

"ಹೋಗ, ಹೋಗ. ಬರೂದ್ರಾಗ ಮೊಸರ ಖಾಲಿ ಮಾಡಿರ್ತೀನಿ."

ಮೇಲೆ ಹೊರಟವರಲ್ಲಿ ಮೂರನೆಯವನು ಚನಬಸು. ಬಜಾರಿನಲ್ಲಿ ಮನೆಯೊಳಗಿನ ಹೊಗೆ ಸೋಸುವ ಗಾಳಿಜಾಳಿಗೆ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಹೊಗೆಯ ಊರಿನಲ್ಲಿ ಅವನೊಬ್ಬನ ಧಂದೆ ಮಾತ್ರ ಚೆನ್ನಾಗಿತ್ತು.

"ನೀನು ಆಕಾಶ ನೋಡಾಕ ಯಾಕ ಬರ್ತಿಯಲೇ?" ಎಂದ ಅಂದಾನಿ. "ನಿನ್ನ ಅನ್ನ ಹೊಗ್ಯಾಗ ಐತಿ."

"ಅನ್ನ ಉಂಡ ಮ್ಯಾಲೆ ಮನಷ್ಯಾ ಸ್ವಲ್ಪ ಗಾಳಿ ತಗೋಬೇಕಪಾ."

ಮೂವರೂ ಟವೆಲ್ಲುಗಳನ್ನು ಮೂಗಿಗೆ ಕಟ್ಟಿಕೊಂಡು ಉತ್ತರದ ಕೊಳ್ಳದ ದಾರಿ ಹಿಡಿದರು. ನೆತ್ತಿಗೆ ಇರುವುದು ಅದೊಂದೇ ದಾರಿ. ಎದೆಮಟ್ಟದ ಬಾದೆ ಹುಲ್ಲು ಒಣಗಿ, ನಡೆದರೆ ಕಾಗದದ ಸದ್ದು ಮಾಡುತ್ತಿತ್ತು. ಹತ್ತು ಹೆಜ್ಜೆ ಹೋಗುವುದರೊಳಗೆ ಅವರು ದಸ್ತಗೀರನ ಕಣ್ಣಿಗೆ ಕಾಣದಾದರು. ಜುಬೇದಾಳ ನಗು ಇನ್ನೂ ಸ್ವಲ್ಪ ಹೊತ್ತು ಕೇಳಿಸುತ್ತಿತ್ತು.

*

ಹೊಗೆ ಬರುತ್ತಿದ್ದುದು ಗುಡ್ಡದ ಪಶ್ಚಿಮಕ್ಕೆ, ದೂರದಲ್ಲಿ ಎರಡು ದಿನದಿಂದ ಉರಿಯುತ್ತಿದ್ದ ಕುರುಚಲು ಕಾಡಿನಿಂದ. ಅದು ಅಲ್ಲೇ ಉರಿದು ಸಾಯುತ್ತದೆಂದು ಯಂತ್ರ ಹೇಳಿತ್ತು. ಮಧ್ಯಾಹ್ನ ಗಾಳಿ ಎದ್ದಿತು. ಬೆಂಕಿ ಡಾಂಬರು ರಸ್ತೆಯನ್ನು ಹಾರಿ ದಾಟಿ ಸೀಗೆಗುಡ್ಡದ ಪಶ್ಚಿಮದ ಏರನ್ನು ಹತ್ತತೊಡಗಿತು.

ಕೋಣೆಯಲ್ಲಿ ಮಹಾನಂದಾ ಮತ್ತು ಮೇಲಧಿಕಾರಿ ಬಸರಕೋಡ ಇಬ್ಬರೇ. ಬಸರಕೋಡರಿಗೆ ನಿವೃತ್ತಿ ಹತ್ತಿರವಿತ್ತು. ಮಾತು ಕಡಿಮೆ. ಬೆಂಕಿಯನ್ನು ತಿರುಗಿಸುವ ದಿನ ಊಟ ಮಾಡುತ್ತಿರಲಿಲ್ಲ, ಅದನ್ನು ಯಾರಿಗೂ ಹೇಳಿಕೊಳ್ಳುತ್ತಲೂ ಇರಲಿಲ್ಲ.

ಪರದೆಯ ಮೇಲೆ ಬೆಂಕಿಯ ಕೆಂಪು ಬಣ್ಣ ಗುಡ್ಡದ ಬೆನ್ನಿನ ಕಡೆ ಏರುತ್ತಿತ್ತು. ಅಲ್ಲಿಂದ ಇಳಿಯಲು ಎರಡು ಕೊಳ್ಳಗಳು. ದಕ್ಷಿಣದ ಕೊಳ್ಳದ ಬುಡದಲ್ಲಿ ಹಿರೇಬಾವಿ ಎಂಬ ಊರು, ನಾನೂರ ಹನ್ನೆರಡು ಚುಕ್ಕೆ. ಉತ್ತರದ ಕೊಳ್ಳ, ಸೊನ್ನೆ. ಯಂತ್ರ ಕ್ಷಣವೂ ಯೋಚಿಸದೆ ಉತ್ತರದ ಕಡೆ ಬಾಣ ತೋರಿಸಿ, ಗಾಜಿನ ಕೆಳಗೆ ದೀಪ ಹೊತ್ತಿಸಿತು.

ಬಸರಕೋಡರು ಅಂಗೈ ಇಟ್ಟರು. "ಬರ್ರಿ, ಮಹಾನಂದಾ."

ಅವಳು ಬಸರಿ ಮರವನ್ನು ನೋಡುತ್ತಿದ್ದಳು. ಬೆಂಕಿಯ ದಾರಿಯಿಂದ ಆಚೆ, ಪೂರ್ವದ ಕೊನೆಗೆ, ನಾಲ್ಕು ಹಸಿರು ಚುಕ್ಕೆ. ಒಂದರ ಮೇಲೊಂದು ಕೂತಿದ್ದವು. ನಾಲ್ಕು ಜನ ಹಾಗೆ ಕೂರುವುದಿಲ್ಲ.

"ಸರ್, ಒಂದ ನಿಮಿಷ."

ಅವಳು ಮೈಕು ಎಳೆದುಕೊಂಡು ನಾಲ್ಕೂ ಪಟ್ಟಿಗಳಿಗೆ ಒಮ್ಮೆಗೇ ಕರೆ ಹಾಕಿದಳು. "ಅಂದಾನಿ."

ಬಸರಿ ಮರದ ಕೆಳಗೆ ರೊಟ್ಟಿಯ ಗಂಟು ನಾಲ್ಕು ದನಿಯಲ್ಲಿ ಅಂದಾನಿ ಎಂದಿತು. ಟೊಂಗೆಯ ಮೇಲಿನ ಮಂಗ ಹೌಹಾರಿ ಹಿಂದೆ ಸರಿಯಿತು. ತೂಕಡಿಸುತ್ತಿದ್ದ ದಸ್ತಗೀರ ಎದ್ದು ಗಂಟು ಬಿಚ್ಚಿದ.

"ಮಾನಂದಾ, ನಾ ದಸ್ತಗೀರ. ಇಲ್ಲಿ ನಾ ಒಬ್ಬನ ಅದೀನಿ."

"ಅವರು?"

"ಮ್ಯಾಲೆ ಹೋಗ್ಯಾರ. ಯಾಕ? ಗೇಟಿನಾಂವ ಹೇಳಿದ್ನೇನು?"

"ಉತ್ತರದ ದಾರೀಲೆ?"

"ಮತ್ತ್ಯಾವ ದಾರಿ ಐತಿ?"

ಅವಳು ಬಸರಕೋಡರ ಕಡೆ ತಿರುಗಿದಳು. ಅವರು ಎಲ್ಲ ಕೇಳಿಸಿಕೊಂಡಿದ್ದರು. ಅಂಗೈ ಗಾಜಿನ ಮೇಲೇ ಇತ್ತು.

"ಪಟ್ಟಿ ಬಿಚ್ಚಿಟ್ಟು ಹೋಗ್ಯಾರ ಸರ್. ಮೂರು ಮಂದಿ. ಅಂದಾನಿ ಅದಾನ ಅವರಾಗ."

"ಎಲ್ಲಾರೂ ಹಂಗ ಮಾಡ್ತಾರ," ಎಂದರು ಅವರು ಮೆಲ್ಲಗೆ. "ನನಗೂ ಗೊತ್ತದ, ನಿಮಗೂ ಗೊತ್ತದ. ಅದಕ್ಕ ಗೊತ್ತಿಲ್ಲ, ಅಷ್ಟ."

"ಅದಕ್ಕ ನಾವು ಹೇಳೂಣು. ಮೂರು ಅಂತ ಕೂಡಸೂಣು."

"ಕೂಡಿಸಿದ್ರ ಏನ್ ಹೇಳ್ತದ?"

ಅವಳಿಗೆ ಗೊತ್ತಿತ್ತು. ನಾನೂರ ಹನ್ನೆರಡರ ಎದುರು ಮೂರು. ಬಾಣ ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ.

ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಹಿರೇಬಾವಿಯ ಅಂಗನವಾಡಿ ಟೀಚರು ಗಿರಿಜವ್ವ. ಬೆಂಕಿ ರಸ್ತೆ ದಾಟಿದಾಗಿನಿಂದ ಇದು ಮೂರನೆಯ ಸಲ.

"ಮೇಡಂ, ಎರಡನೇ ಬಸ್ಸು ಇನ್ನೂ ಬಂದಿಲ್ರಿ. ಮುದುಕರು ಗುಡಿಯಾಗ ಕುಂತಾರ, ಏಳವಲ್ರು. ಸಣ್ಣ ಹುಡುಗೂರ್ನೆಲ್ಲಾ ನನ್ನ ಹತ್ರ ಬಿಟ್ಟಾರ, ಹಸಿ ಚೀಲ ಹೊದಿಸೀನಿ. ಫ್ಯಾನ್ ಯಾವಾಗ ಚಾಲೂ ಮಾಡ್ತೀರಿ?"

ಹಿಂದೆ ಯಾವುದೋ ಮಗು, ಚೀಲ ಚುಚ್ಚುತ್ತದೆಂದು ಹಟ ಮಾಡುತ್ತಿತ್ತು.

"ಈಗ," ಎಂದಳು ಮಹಾನಂದಾ. ಬೇರೆ ಏನನ್ನಾದರೂ ಹೇಳಬೇಕೆಂದಿದ್ದಳು.

ಅವಳು ಅಂಗೈ ಇಟ್ಟಳು. ಈ ಕೆಲಸಕ್ಕೆ ಸೇರಿದಾಗಿನಿಂದ ಎಷ್ಟೋ ಬೆಂಕಿಗಳಿಗೆ ಹೀಗೆ ಕೈ ಇಟ್ಟಿದ್ದಳು. ಪ್ರತಿ ಸಲವೂ ಪರದೆಯ ಮೇಲೆ ಸೊನ್ನೆಯೇ ಇರುತ್ತಿತ್ತು. ಈಗಲೂ ಸೊನ್ನೆಯೇ ಇತ್ತು.

*

ಗದಗಿನಲ್ಲಿ ಕರೆಂಟು ಹೋಯಿತು. ಮಿಕ್ಸರುಗಳಲ್ಲಿ ಅರ್ಧ ರುಬ್ಬಿದ ಕಾಯಿ ಹಾಗೇ ನಿಂತಿತು. ಸಲೂನಿನಲ್ಲಿ ಒಂದು ಕೆನ್ನೆ ಬೋಳಿಸಿಕೊಂಡವನು ಕತ್ತಲಲ್ಲಿ ಕಾಯುತ್ತ ಕೂತ. ಮನೆಗಳ ಗಾಳಿಜಾಳಿಗೆಗಳು ನಿಂತ ಕೂಡಲೇ ಹೊಗೆ ಬಾಗಿಲ ಸಂದಿಯಿಂದ ಒಳಗೆ ಬರತೊಡಗಿತು. ಹೆಂಗಸರು ಒದ್ದೆ ಬಟ್ಟೆ ತುರುಕಿದರು. "ಎಲ್ಲೋ ತಿರುಗಸಾಕತ್ತಾರ," ಎಂದರು ಒಬ್ಬರಿಗೊಬ್ಬರು. ಎಲ್ಲಿಗೆ ಎಂದು ಕೇಳುವ ರೂಢಿ ಯಾರಿಗೂ ಇರಲಿಲ್ಲ. ತಮ್ಮ ಕಡೆ ಅಲ್ಲ ಎಂಬುದು ಗೊತ್ತಿತ್ತು. ತಾವು ಲೆಕ್ಕದಲ್ಲಿ ಬಹಳ ಜನ.

*

ನೆತ್ತಿಯ ಹತ್ತಿರ ಹೊಗೆ ಒಮ್ಮೆಗೇ ಮುಗಿದುಹೋಯಿತು. ಮೊದಲು ಅಂದಾನಿಯ ತಲೆ ಹೊರಬಂತು, ಆಮೇಲೆ ಹೆಗಲು, ಕೆರೆಯಿಂದ ಎದ್ದವನ ಹಾಗೆ. ಜುಬೇದಾ ಟವೆಲ್ಲು ಕಿತ್ತು ಕಲ್ಲಿನ ಮೇಲೆ ಅಂಗಾತ ಮಲಗಿಬಿಟ್ಟಳು. ಚನಬಸು ಬಾಯಿ ತೆರೆದು ಉಸಿರೆಳೆದ. ಕಂದು ಹೊಗೆ ಎಲ್ಲ ದಿಕ್ಕಿಗೂ ಸಮನಾಗಿ ಹಾಸಿತ್ತು, ಅದರ ಮೇಲೆ ನೀಲಿ. ಒಂದು ಮೋಡವೂ ಇರಲಿಲ್ಲ.

"ಮಾನಂದಾಗ ಹೇಳಬೇಕು, ಮೋಡ ಇದ್ದಿಲ್ಲ ಅಂತ," ಎಂದ ಅಂದಾನಿ.

"ಹೇಳಬ್ಯಾಡ," ಎಂದಳು ಜುಬೇದಾ ಕಣ್ಣು ಮುಚ್ಚಿಕೊಂಡೇ. "ಇತ್ತು ಅನ್ನು. ಇಲ್ದಿದ್ರ ಆಕಿಗೆ ಹೊಟ್ಟಿ ಉರೀತೈತಿ."

ಆಗ ಗಾಳಿಯಂತ್ರಗಳ ಸದ್ದು ನಿಂತಿತು. ದಿನವಿಡೀ ಇರುವ ಸದ್ದು. ನಿಂತಾಗಲೇ ಅದು ಇತ್ತೆಂದು ತಿಳಿಯುವುದು. ಅದು ಮತ್ತೆ ಶುರುವಾದಾಗ ದನಿ ಬೇರೆಯಾಗಿತ್ತು. ಆಳದಿಂದ, ಗುರುಗುಟ್ಟಿದ ಹಾಗೆ.

"ಬೆಂಕಿ ತಿರುಗಸಾಕತ್ತಾರ," ಎಂದ ಚನಬಸು, ಎದ್ದು ಕೂತು. "ಎಲ್ಲಿ ಬಂತು ಬೆಂಕಿ?"

"ಎಲ್ಲ್ಯಾರ ಇರ್ಲಿ, ನಮ್ಮ ಕಡೆ ಕಳಸೂದಿಲ್ಲ," ಎಂದ ಅಂದಾನಿ. "ನಾವು ಇಲ್ಲಿ ಅದೀವಿ ಅಂತ ಕೋಣಿಯಾಗ ಕಾಣ್ತೈತಿ. ಇವತ್ತಂತೂ ಮಾನಂದಾನ ಕುಂತಾಳ."

ಹೇಳುತ್ತ ಅವನು ಬಲಗೈಯಿಂದ ಎಡ ಮುಂಗೈ ಮುಟ್ಟಿದ. ಅಲ್ಲಿ ಬಿಸಿಲು ಕಾಣದ ಚರ್ಮದ ಒಂದು ಬಿಳಿ ಗೆರೆ ಮಾತ್ರ ಇತ್ತು.

ಜುಬೇದಾ ಅವನ ಕೈ ನೋಡಿದಳು, ಆಮೇಲೆ ತನ್ನದನ್ನು. ಚನಬಸು ನೋಡಿಕೊಳ್ಳಲಿಲ್ಲ. ಅವನು ಗುಡ್ಡದ ಬೆನ್ನಿನ ಕಡೆ ನೋಡುತ್ತಿದ್ದ. ಅಲ್ಲಿ ಸಪಾಟಾಗಿದ್ದ ಹೊಗೆ ಉಬ್ಬಿ ಎದ್ದಿತ್ತು. ಉಬ್ಬಿದ್ದು ನೆಟ್ಟಗೆ ನಿಂತಿರಲಿಲ್ಲ, ಅವರ ಕಡೆ ವಾಲಿತ್ತು.

"ಇಲ್ಲೇ ಕುಂತ್ರ?" ಎಂದ ಚನಬಸು.

"ಸುತ್ತ ಎಲ್ಲಾ ಹುಲ್ಲ ಐತಿ," ಎಂದಳು ಜುಬೇದಾ. ಆಗಲೇ ಟವೆಲ್ಲು ಕಟ್ಟಿಕೊಳ್ಳುತ್ತಿದ್ದಳು. "ಕೆಳಗ ನಡೀರಿ. ಬಸರಿ ಗಿಡದ ತನಕಾ."

ಒಬ್ಬರ ಟವೆಲ್ಲಿನ ತುದಿ ಇನ್ನೊಬ್ಬರು ಹಿಡಿದುಕೊಂಡು ಮೂವರೂ ಹೊಗೆಯೊಳಗೆ ಇಳಿದರು. ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ತಲೆ.

*

"ಮಾನಂದಾ," ಎಂದ ದಸ್ತಗೀರ. "ಫ್ಯಾನ್ ಸದ್ದು ಬದಲಾತು. ಎಲ್ಲಿಗೆ ಕಳಸಾಕತ್ತೀರಿ?"

ಅವಳು ಉತ್ತರಿಸಲಿಲ್ಲ. ಅವನಿಗೆ ಅಷ್ಟೇ ಸಾಕಾಯಿತು. ಗಂಟಿನಿಂದ ರೊಟ್ಟಿ ಕೆಳಗೆ ಬಿದ್ದ ಸದ್ದು ಕೇಳಿಸಿತು, ಆಮೇಲೆ ಪಟ್ಟಿಗಳು ಒಂದಕ್ಕೊಂದು ತಾಕಿದ ಸದ್ದು. ನಾಲ್ಕನ್ನೂ ಒಂದೇ ಕೈಗೆ ಕಟ್ಟಿಕೊಳ್ಳುತ್ತಿದ್ದ.

"ದಸ್ತಗೀರ, ನೀ ಅಲ್ಲೇ ಕೂಡು. ಗಿಡದ ತನಕಾ ಬೆಂಕಿ ಬರೂದಿಲ್ಲ. ಕೇಳಾಕತ್ತೀಯಿಲ್ಲೋ?"

"ಕೇಳಾಕತ್ತೀನಿ. ನೀ ಹಿಂಗ ಮಾತಾಡ್ತಿರು. ನನ್ನ ದನಿ ಕಟ್ಟೇತಿ, ನಿಂದಾದ್ರ ಹೊಗ್ಯಾಗೂ ಕೇಳತೈತಿ. ಅದನ್ನ ಹಿಡದು ಬರ್ತಾರ."

"ನಿನ್ನ ಮೊಣಕಾಲಿಲೆ ಎಷ್ಟ ದೂರ ಹೋಗ್ತೀಯೋ?"

"ಜುಬೇದಾ ಮ್ಯಾಲದಾಳ."

ಸ್ವಲ್ಪ ಹೊತ್ತು ಬರೀ ಏದುಸಿರು. ಆಮೇಲೆ ಎಂದ: "ಅವರು ನಿಮ್ಮ ಎಣಿಕ್ಯಾಗಾದ್ರೂ ಬರ್ಲಿ."

ಪರದೆಯ ಮೇಲೆ ನಾಲ್ಕು ಚುಕ್ಕೆ ಒಟ್ಟಾಗಿ ಮೇಲೆ ಸರಿಯತೊಡಗಿದವು. ಕುಂಟುವುದೂ ಕಾಣುತ್ತಿತ್ತು: ಒಂದಿಷ್ಟು ಮುಂದೆ, ನಿಂತು, ಮತ್ತೆ ಒಂದಿಷ್ಟು. ಅವು ಗಡಿ ದಾಟಿದ ಕೂಡಲೇ ಪಟ್ಟಿಗಳು ಕಿರುಚಿದವು, ನಾಲ್ಕೂ ಒಟ್ಟಿಗೆ. ಕೋಣೆಯಿಂದ ಅದನ್ನು ನಿಲ್ಲಿಸುವ ದಾರಿ ಇರಲಿಲ್ಲ. ನಿಲ್ಲಿಸುವುದು ಬೇಡವೆಂದು ಅವಳಿಗೂ ಅನ್ನಿಸಿತು. ಆ ಕಿರುಚಾಟ ಅವಳ ದನಿಗಿಂತ ದೂರ ಹೋಗುತ್ತಿತ್ತು.

ಉತ್ತರದ ಕೊಳ್ಳ, ನಾಲ್ಕು.

ಯಂತ್ರ ಒಂದು ಗಂಟೆ ಬಾರಿಸಿತು. ಎಣಿಕೆ ಬದಲಾಗಿತ್ತು. ಸೊನ್ನೆಗೆ ಕೊಟ್ಟ ಒಪ್ಪಿಗೆ ನಾಲ್ಕಕ್ಕೆ ನಡೆಯುವುದಿಲ್ಲ. ಬಾಣ ಉತ್ತರಕ್ಕೇ ಇತ್ತು, ಅದರ ಕೆಳಗಿನ ಅಂದಾಜು ನಷ್ಟ ಮಾತ್ರ ಸೊನ್ನೆಯಿಂದ ನಾಲ್ಕಾಯಿತು. ಗಾಜಿನ ಕೆಳಗೆ ಮತ್ತೆ ದೀಪ ಹೊತ್ತಿತು. ಒಪ್ಪಿಗೆ ಬರುವತನಕ ಯಂತ್ರ ತಾನಾಗಿಯೇ ರೆಕ್ಕೆಗಳ ವೇಗ ಇಳಿಸತೊಡಗಿತು. ನಿಯಮ ಬರೆದವರು ಆ ಜಾಗದಲ್ಲಿ ಮನುಷ್ಯರಿಗೆ ಯೋಚಿಸಲು ಹೊತ್ತು ಕೊಟ್ಟಿದ್ದರು.

ಬಸರಕೋಡರು ಅಂಗೈ ತೆಗೆದು, ಪ್ಯಾಂಟಿಗೆ ಒರೆಸಿಕೊಂಡು, ಮತ್ತೆ ಇಟ್ಟರು. ಅವಳ ಕಡೆ ನೋಡಲಿಲ್ಲ.

"ಇಡ್ರಿ ಅಂತ ನಾ ಹೇಳೂದಿಲ್ಲ, ಮಹಾನಂದಾ."

"ಇಡದಿದ್ರ?"

"ಗಾಳಿ ದಕ್ಷಿಣಕ್ಕದ. ಬೆಂಕಿ ಅದರ ಜೋಡಿ ಹೋಗ್ತದ."

ಮೇಜಿನ ಮೇಲೆ ಫೋನು ಹಾಗೇ ತೆರೆದು ಬಿದ್ದಿತ್ತು. ಅದರೊಳಗಿಂದ ಗಿರಿಜವ್ವ ಮಾತಾಡಿದಳು: "ಮೇಡಂ, ಫ್ಯಾನಿನ ಸದ್ದು ಕಡಿಮಿ ಆತಲ್ರಿ. ಯಾಕ್ರಿ?"

ಮಹಾನಂದಾ ಗಾಜನ್ನು ನೋಡಿದಳು. ಹಿಂದೆ ಅದರ ಮೇಲೆ ಅವಳು ಕೈ ಇಡುತ್ತಿದ್ದುದು ಹಾಜರಿ ಹಾಕಿದ ಹಾಗೆ. ಪರದೆಯಲ್ಲಿ ಗುಡ್ಡದ ಬೆನ್ನಿಗೆ ಕೆಂಪು ಬಂದು ಮುಟ್ಟಿತ್ತು. ಮುಟ್ಟಿ, ನಿಂತು, ದಕ್ಷಿಣದ ಕಡೆ ಒಂದು ನಾಲಗೆ ಚಾಚಿ ನೋಡುತ್ತಿತ್ತು.

"ಮೇಡಂ, ಅದೀರಿಲ್ಲೋ?"

"ಅದೀನಿ ಗಿರಿಜವ್ವಾ," ಎಂದಳು. "ಬಾಗಲಾ ಹಾಕ್ಕೊಂಡು ಕೂಡ್ರಿ."

ಎಡಗೈಯನ್ನು ಗಾಜಿನ ಮೇಲೆ ಇಟ್ಟಳು. ಬಲಗೈಯಿಂದ ಮೈಕು ಎಳೆದುಕೊಂಡಳು. ರೆಕ್ಕೆಗಳು ಮತ್ತೆ ವೇಗ ಹಿಡಿದವು. ಪೂರ್ತಿ ವೇಗಕ್ಕೆ ಬರುವತನಕ ಕೈ ತೆಗೆಯುವಂತಿರಲಿಲ್ಲ. ಹಾಗೆ ಒಂದು ಕೈಯಿಂದ ಬೆಂಕಿಯನ್ನು ಕಳಿಸುತ್ತ ಅವಳು ಅದರ ಮುಂದೆ ಓಡುತ್ತಿದ್ದವರಿಗೆ ದಾರಿ ಹೇಳತೊಡಗಿದಳು.

"ದಸ್ತಗೀರ, ದಾರಿಯ ಎಡಕ್ಕ ಒಂದು ಹಾಸುಗಲ್ಲ ಐತಿ. ದೊಡ್ಡದು. ಅದರ ಮ್ಯಾಲೆ ಹುಲ್ಲಿಲ್ಲ. ಅಲ್ಲಿಗೆ ಹೋಗಿ ನಿಲ್ಲು, ಕೈ ಮ್ಯಾಲೆ ಎತ್ತಿ ಹಿಡಿ. ಅಂದಾನಿ, ನಾ ಮಾನಂದಾ. ಈ ಸದ್ದಿನ ಕಡೆ ಬಾ. ಜುಬೇದಾ, ಈ ಸದ್ದಿನ ಕಡೆ ಬಾ. ಚನಬಸು, ಕಲ್ಲಿನ ಕಡೆ ಬಾರೋ. ಎಲ್ಲಾರೂ ಕಲ್ಲಿನ ಮ್ಯಾಲೆ ಬರ್ರಿ."

ಅವರು ಕೇಳುವಷ್ಟು ಹತ್ತಿರವಿದ್ದಾರೋ ಇಲ್ಲವೋ ತಿಳಿಯುವಂತಿರಲಿಲ್ಲ. ಅವರಿಗೆ ಚುಕ್ಕೆಗಳಿರಲಿಲ್ಲ. ಕೊಳ್ಳದ ಯಾವ ಜಾಗದಲ್ಲಿ ಬೇಕಾದರೂ ಇರಬಹುದಿತ್ತು, ಆದ್ದರಿಂದ ಅವಳಿಗೆ ಕೊಳ್ಳದ ಎಲ್ಲ ಜಾಗದಲ್ಲೂ ಕಾಣುತ್ತಿದ್ದರು. ಮತ್ತೆ ಅದನ್ನೇ ಹೇಳಿದಳು. ಮತ್ತೆ. ಹೆಸರು ಹಿಡಿದು ಒಬ್ಬೊಬ್ಬರನ್ನೇ ಕರೆದಳು. ಕೊಳ್ಳದ ಬಾಯಲ್ಲಿ ಕೆಂಪು ಇಳಿಯಿತು. ದಸ್ತಗೀರ ಯಾರನ್ನೋ ಕೂಗಿದ ಹಾಗೆ ಕೇಳಿಸಿತು. ಹುಲ್ಲು ಹೊತ್ತುವ ಸದ್ದು, ಮಳೆ ಬಂದಂತೆ. ನಾಲ್ಕು ಚುಕ್ಕೆಗಳು ಕಲ್ಲನ್ನು ಮುಟ್ಟಿ ನಿಂತಿದ್ದವು. ಆಮೇಲೆ ಕಲ್ಲಿನಿಂದ ಇಳಿದು ಹುಲ್ಲಿನ ಕಡೆ ಹೋದವು.

"ಇಳೀಬ್ಯಾಡ ದಸ್ತಗೀರ. ಕಲ್ಲ ಬಿಟ್ಟು ಇಳೀಬ್ಯಾಡ."

ಚುಕ್ಕೆಗಳು ಹುಲ್ಲಿನಲ್ಲಿ ಸ್ವಲ್ಪ ಹೊತ್ತು ಅತ್ತಿತ್ತ ಆಡಿದವು. ಹಿಂದೆ ಬಂದವು. ಮತ್ತೆ ಕಲ್ಲಿನ ಮೇಲೆ ಏರಿದವು. ಕೆಂಪು ಎರಡೂ ಬದಿಯಿಂದ ಕಲ್ಲನ್ನು ಸುತ್ತಿಕೊಂಡು ಕೆಳಗೆ ಹರಿದುಹೋಯಿತು.

*

ಗಾಜಿನ ದೀಪ ಆರಿತು. ಬಸರಕೋಡರು ಕೈ ತೆಗೆದರು. ಮಹಾನಂದಾಳ ಕೈ ಅಲ್ಲೇ ಇತ್ತು. ಅವರೇ ಅದನ್ನು ಮೆಲ್ಲಗೆ ಎತ್ತಿ ಮೇಜಿನ ಮೇಲೆ ಇಟ್ಟರು.

ಹಿರೇಬಾವಿ, ನಾನೂರ ಹನ್ನೆರಡು. ಉತ್ತರದ ಕೊಳ್ಳ, ನಾಲ್ಕು. ನಷ್ಟ, ಸೊನ್ನೆ. ಯಂತ್ರ ಹಸಿರು ಅಂಚಿನ ಪುಟ ತೆರೆದು, ಬೆಂಕಿಯ ದಾರಿಯಲ್ಲಿದ್ದವರೂ ಉಳಿದದ್ದು ಈ ಬೇಸಿಗೆಯಲ್ಲಿ ಇದೇ ಮೊದಲು ಎಂದು ತೋರಿಸಿತು. ಜಿಲ್ಲೆಗೆ ಕರೆಂಟು ಬಂದಿರಬೇಕು. ಕೆಳಗಿನ ಬೀದಿಯಲ್ಲಿ ಯಾರದೋ ಟಿ.ವಿ. ನಿಂತಲ್ಲಿಂದಲೇ ಮಾತು ಮುಂದುವರಿಸಿತು. ಫೋನಿನಲ್ಲಿ ಗಿರಿಜವ್ವ ಅಳುತ್ತ ನಗುತ್ತಿದ್ದಳು, ನಿಮ್ಮ ಹೊಟ್ಟಿ ತಣ್ಣಗಿರ್ಲಿ ಎನ್ನುತ್ತಿದ್ದಳು. ಬಸರಕೋಡರು ಫೋನು ಇಟ್ಟರು.

"ನಾಕೂ ಮಂದಿ ಉಳದ್ರು," ಎಂದರು. "ಮಹಾನಂದಾ, ನೋಡ್ರಿಲ್ಲೆ. ನಾಕೂ ಮಂದಿ."

"ನಾಕ ಪಟ್ಟಿ, ಸರ್," ಎಂದಳು ಅವಳು.

ಅವರು ಪರದೆಯನ್ನು ನೋಡಿದರು. ಕಲ್ಲಿನ ಮೇಲೆ ನಾಲ್ಕು ಹಸಿರು ಚುಕ್ಕೆ, ಒಂದರ ಮೇಲೊಂದು. ನಾಲ್ವರು ಒಬ್ಬರನ್ನೊಬ್ಬರು ಅವುಚಿಕೊಂಡು ಕೂತಿದ್ದರೂ ಹಾಗೇ ಕಾಣುತ್ತಿತ್ತು. ಒಬ್ಬನೇ ಮನುಷ್ಯ ನಾಲ್ಕು ಪಟ್ಟಿ ಕಟ್ಟಿಕೊಂಡು ಕೂತಿದ್ದರೂ ಹಾಗೇ. ಬಸರಕೋಡರು ಕುರ್ಚಿಯಲ್ಲಿ ಕೂತರು.

ಅವಳು ಮೈಕಿಗೆ ಬಾಗಿದಳು.

"ಕಲ್ಲಿನ ಮ್ಯಾಲೆ ಯಾರ್ಯಾರದೀರಿ, ಒಬ್ಬೊಬ್ರ ಹೆಸರ ಹೇಳ್ರಿ."

ಸುಟ್ಟ ಹುಲ್ಲು ಚಿಟಪಟ ಎನ್ನುವುದು ಕೇಳಿಸಿತು. ಯಾರೋ ಉಸಿರಿಗಾಗಿ ಒದ್ದಾಡುತ್ತಿದ್ದರು.

"ದಸ್ತಗೀರ," ಎಂದಿತು ಒಂದು ದನಿ. ದನಿಯೆನ್ನುವಂತೆ ಏನೂ ಉಳಿದಿರಲಿಲ್ಲ ಅದರಲ್ಲಿ, ಬರೀ ಗಾಳಿ.

"ಇನ್ನೊಬ್ರು?"

ಉತ್ತರವಿಲ್ಲ.

"ದಸ್ತಗೀರ, ಜೋಡಿ ಯಾರದಾರ? ಮಾತಾಡಾಕ ಆಗದಿದ್ರ ಕಲ್ಲಿಗೆ ಕೈ ಬಡೀರಿ. ಒಬ್ಬೊಬ್ರ ಬಡೀರಿ."

ಅವಳು ಸದ್ದನ್ನು ಪೂರ್ತಿ ಏರಿಸಿ, ಕಿವಿಯನ್ನು ಸ್ಪೀಕರಿಗೆ ಒತ್ತಿದಳು. ಒಂದು ಕೆಮ್ಮು ಕೇಳಿಸಿತು. ನಡುವೆ ಬಿಡುವು. ಇನ್ನೊಂದು ಕೆಮ್ಮು, ಸ್ವಲ್ಪ ದೂರದಿಂದಲೋ, ಅಥವಾ ಮುಖ ಆ ಕಡೆ ತಿರುಗಿಸಿದ್ದರಿಂದಲೋ. ಅದು ಗಂಡನದೇ ಎಂದುಕೊಂಡಳು. ಅಲ್ಲ, ಜುಬೇದಾಳದು ಎಂದುಕೊಂಡಳು. ಮದುವೆಯಾದಾಗಿನಿಂದ ಪಕ್ಕದಲ್ಲಿ ಮಲಗಿ ಕೇಳಿದ ಕೆಮ್ಮನ್ನು ಗುರುತು ಹಿಡಿಯಲು ನೋಡಿದಳು. ಆಗಲಿಲ್ಲ. ಇಷ್ಟು ವರ್ಷದ ಹೊಗೆಯಲ್ಲಿ ಊರಿನವರೆಲ್ಲ ಒಂದೇ ಥರ ಕೆಮ್ಮುತ್ತಿದ್ದರು.